ನೀರು ಬೇಡ, ಈಗ ತಾನೆ ಕುಡಿದು ಬಂದೆ

ಕಳೆದ ಯುಗಾದಿ ದಿನ ಷಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ಕನ್ನಡದವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಹೋದ ತಕ್ಷಣ ಮಕ್ಕಳೆಲ್ಲ ಬೇಸ್‌ಮೆಂಟಿಗೆ ಇಳಿದು ಗಲಾಟೆ ಎಬ್ಬಿಸಿದರು. ಅರ್ಧ ಗಂಟೆ ಬಿಟ್ಟು ನನ್ನ ಮಗಳು ಮೇಲೆ ಬಂದಳು. ಒಂಬತ್ತು ವರ್ಷ. ಮೈಯೆಲ್ಲ ಬೆವರು, ಕೂದಲು ಹಣೆಗೆ ಅಂಟಿತ್ತು. ಮನೆಯಾಕೆ ಸ್ಟೀಲ್ ಲೋಟದಲ್ಲಿ ನೀರು ತಂದು "ತಗೋ ಪುಟ್ಟಿ, ಕುಡಿ" ಅಂದರು. ಮಗಳು ಒಂದು ಹೆಜ್ಜೆ ಹಿಂದೆ ಸರಿದು, "ಬೇಡ ಆಂಟಿ, ಈಗ ತಾನೆ ಕುಡಿದು ಬಂದೆ" ಅಂದಳು. ಸೋಫಾದ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕುಡಿದು ಬರುವುದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥ ಇದೆಯಲ್ಲ, ಅದು ಅವಳಿಗೆ ಗೊತ್ತಿಲ್ಲ. ನಾನೂ ನಕ್ಕೆ. ರಾತ್ರಿ ವಾಪಸು ಹೊರಟಾಗ ಕಾರು ಹತ್ತಿದವಳೇ ನನ್ನ ಬಾಟಲಿ ಎತ್ತಿ ಗಟಗಟನೆ ಅಷ್ಟೂ ನೀರು ಮುಗಿಸಿದಳು.

"ಅಷ್ಟು ಬಾಯಾರಿತ್ತಾ? ಮತ್ತೆ ಅಲ್ಲಿ ಯಾಕೆ ಬೇಡ ಅಂದೆ?"

"ನೀನು ಎಲ್ಲರ ಮನೇಲೂ ಹಂಗೇ ತಾನೆ ಹೇಳೋದು?"

ನಾನು ಹಾಗೆ ಹೇಳುತ್ತೇನೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಗಂಡನ ಕಡೆ ನೋಡಿದೆ. "ಹೇಳ್ತೀಯ," ಅಂದರು. "ನಿಮ್ಮಪ್ಪನೂ ಹೇಳ್ತಾರೆ."

ಅಪ್ಪ ಮಳವಳ್ಳಿ ಕಡೆ ಗಣಿತದ ಮೇಷ್ಟ್ರಾಗಿದ್ದವನು. ನಾನು ಚಿಕ್ಕವಳಿದ್ದಾಗ ಸೈಕಲ್ ಹಿಂದೆ ಕೂರಿಸಿಕೊಂಡು ಜನಗಣತಿಗೆ, ಮತದಾರರ ಪಟ್ಟಿಗೆ, ಶಾಲೆ ಬಿಟ್ಟ ಮಕ್ಕಳನ್ನು ಕರೆತರುವುದಕ್ಕೆ ಅಂತ ಊರೂರು ಸುತ್ತುತ್ತಿದ್ದ. ಯಾವ ಮನೆಯ ಜಗಲಿ ಮುಂದೆ ಸೈಕಲ್ ನಿಲ್ಲಿಸಿದರೂ ಒಳಗಿನವರು ಬಾಯಿ ತೆರೆಯುವ ಮುಂಚೆ ತಾನೇ ಹೇಳಿಬಿಡುತ್ತಿದ್ದ: "ನೀರೇನೂ ಬ್ಯಾಡಿ, ಈಗ್ ತಾನೆ ಕುಡ್ಕ ಬಂದೆ." ಏಪ್ರಿಲ್ ತಿಂಗಳ ಬಿಸಿಲಲ್ಲಿ, ಅಂಗಿ ಬೆನ್ನಿಗೆ ಅಂಟಿಕೊಂಡಿರುವಾಗ. ನಾನು ಅದನ್ನು ದೊಡ್ಡವರ ಮರ್ಯಾದೆ ಅಂದುಕೊಂಡಿದ್ದೆ. ಅರ್ಥವಾದದ್ದು ತುಂಬ ತಡವಾಗಿ. ಮೈಸೂರಿನಲ್ಲಿ ಓದುವಾಗ ಗೆಳತಿಯೊಬ್ಬಳ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂತು, ನನಗೆ ಮಾತ್ರ ಪೇಪರ್ ಕಪ್ಪಿನಲ್ಲಿ ಬಂತು. ನೀರು ಕೇಳಿದರೆ ಆ ಮನೆಯವರು ಯಾವ ಲೋಟದಲ್ಲಿ ಕೊಡುವುದು ಅಂತ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಆ ಗಳಿಗೆಯಲ್ಲಿ ಅವರ ಮುಖ ಹೇಗಾಗುತ್ತದೆ ಅನ್ನುವುದನ್ನು ಕೇಳಿದವನು ನೋಡಬೇಕಾಗುತ್ತದೆ. ಅಪ್ಪ ಆ ಮುಖ ನೋಡುವುದನ್ನು ತಪ್ಪಿಸಿಕೊಳ್ಳುತ್ತಿದ್ದ, ಅಷ್ಟೆ.

ಮಗಳಿಗೆ ನಾನು ಜಾತಿಯ ವಿಷಯ ಒಂದು ಅಕ್ಷರವೂ ಹೇಳಿರಲಿಲ್ಲ. ಬೇಕೆಂದೇ ಹೇಳಿರಲಿಲ್ಲ. ಇಲಿನಾಯ್‌ನಲ್ಲಿ ಹುಟ್ಟಿದ ಮಗು, ಇದು ನನ್ನ ತಲೆಗೇ ಮುಗಿದುಹೋಗಲಿ ಅಂತಿತ್ತು. ಕಥೆಗೆ ಬಾಗಿಲು ಹಾಕಿ ಕೂತಿದ್ದೆ. ಕಥೆ ಹೊರಗೇ ಉಳಿಯಿತು, ಅದರ ಬಾಲದ ತುದಿಯಲ್ಲಿದ್ದ ಒಂದು ವಾಕ್ಯ ಮಾತ್ರ ಸಂದಿಯಲ್ಲಿ ನುಸುಳಿ ಅವಳ ಬಾಯಿಗೆ ಬಂದು ಕೂತಿತು.

ಅಂದಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಕೊರೆದಾಗಲೆಲ್ಲ ನೆನಪಾಗುವುದು ಅಪ್ಪನಿಗಿಂತ ಹೆಚ್ಚಾಗಿ ಅಕ್ಕ.

ರಸೀದಿ

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನಾನು ಷಿಕಾಗೋದ ಆಸ್ಪತ್ರೆಯೊಂದರ ಲ್ಯಾಬಿಗೆ ಸೇರಿದಾಗ ಆಕೆ ಅಲ್ಲಿ ಇಪ್ಪತ್ತು ವರ್ಷದಿಂದ ರೋಗಿಗಳ ರಕ್ತ ತೆಗೆಯುತ್ತಿದ್ದವಳು. ಕಪ್ಪು ಜನಾಂಗದ ಹೆಂಗಸು, ಕಪ್ಪು ಜನರೇ ಹೆಚ್ಚಿರುವ ಸೌತ್ ಸೈಡ್‌ನಲ್ಲಿ ಹುಟ್ಟಿ ಬೆಳೆದವಳು, ನನಗಿಂತ ಇಪ್ಪತ್ತು ವರ್ಷ ಹಿರಿಯಳು. ಹೆಸರು ಹಿಡಿದು ಕರೆಯಲು ನಾಲಿಗೆ ಏಳಲಿಲ್ಲ. ಒಂದು ದಿನ 'ಅಕ್ಕ' ಅಂದುಬಿಟ್ಟೆ. ಅರ್ಥ ಕೇಳಿದಳು, ಹೇಳಿದೆ. "ನಮ್ಮ ಚರ್ಚಿನಲ್ಲೂ ಹಾಗೇ ಕರೀತೀವಲ್ಲ" ಅಂದಳು. ಅಲ್ಲಿಂದ ಆಕೆ ನನಗೆ ಅಕ್ಕ. ನಾನು ಆಕೆಗೆ 'ಬೇಬಿ'. ಆದರೆ ಆಕೆಗೆ ಅರುವತ್ತು ದಾಟಿದ ರೋಗಿಗಳೂ ಬೇಬಿಗಳೇ.

ಮೊದಲ ಚಳಿಗಾಲದಲ್ಲಿ ನನಗೆ ಒಳ್ಳೆಯ ಗ್ಲೌಸು ಕೊಡಿಸಲು ಅಂಗಡಿಗೆ ಕರೆದುಕೊಂಡು ಹೋದಳು. ಒಳಗೆ ಹೋಗುವ ಮುಂಚೆಯೇ ತನ್ನ ಕೈಚೀಲದ ಜಿಪ್ ಎಳೆದು ಮುಚ್ಚಿದಳು. ಒಳಗೆ ಇರುವಷ್ಟು ಹೊತ್ತು ಒಮ್ಮೆಯೂ ಅದನ್ನು ತೆರೆಯಲಿಲ್ಲ. ಮೂಗು ಸೋರುತ್ತಿದ್ದರೂ ಕರ್ಚೀಫು ತೆಗೆಯಲಿಲ್ಲ. ದುಡ್ಡು ಕೊಟ್ಟ ಮೇಲೆ ರಸೀದಿಯನ್ನು ಚೀಲಕ್ಕೆ ಹಾಕಲಿಲ್ಲ. ಎರಡು ಬೆರಳ ನಡುವೆ, ಎಲ್ಲರಿಗೂ ಕಾಣುವ ಹಾಗೆ, ಬಸ್ಸಿನಲ್ಲಿ ಕಂಡಕ್ಟರ್ ನೋಟು ಮಡಿಚಿ ಹಿಡಿಯುತ್ತಾನಲ್ಲ ಹಾಗೆ ಹಿಡಿದುಕೊಂಡು ಕಾರಿನ ತನಕ ಬಂದಳು. ಹೊರಗೆ ಹಿಮ ಬೀಳುತ್ತಿತ್ತು, ರಸೀದಿ ಒದ್ದೆಯಾಗಿ ಬೆರಳಿಗೆ ಅಂಟಿತು. ನಾನು ಕೇಳಿದೆ. "ಅಭ್ಯಾಸ," ಅಂದಳು. "ನಮ್ಮಮ್ಮನದು."

ಆ ಅಮ್ಮನ ಕಥೆ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಅಕ್ಕನ ಅಜ್ಜಿ ಮಿಸಿಸಿಪಿಯ ಹತ್ತಿಯ ಹೊಲಗಳನ್ನು ಬಿಟ್ಟು ರೈಲು ಹತ್ತಿ ಷಿಕಾಗೋಕ್ಕೆ ಬಂದವಳು. ಕಳೆದ ಶತಮಾನದಲ್ಲಿ ಅರುವತ್ತು ವರ್ಷದ ಅವಧಿಯಲ್ಲಿ ಹಾಗೆ ದಕ್ಷಿಣ ಬಿಟ್ಟು ಬಂದವರು ಸುಮಾರು 60 ಲಕ್ಷ ಮಂದಿ. 1955ರ ಆಗಸ್ಟ್‌ನಲ್ಲಿ ಇದೇ ಸೌತ್ ಸೈಡ್‌ನ ಎಮೆಟ್ ಟಿಲ್ ಎಂಬ 14 ವರ್ಷದ ಹುಡುಗ ರಜೆಗೆಂದು ಮಿಸಿಸಿಪಿಯ ನೆಂಟರ ಮನೆಗೆ ಹೋದ. ಮನಿ ಎಂಬ ಸಣ್ಣ ಊರಿನ ಕಿರಾಣಿ ಅಂಗಡಿಗೆ ಬಬಲ್ ಗಮ್ ಕೊಳ್ಳಲು ಹೊಕ್ಕ. ಅಂಗಡಿಯ ಬಿಳಿ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಎಂಬ ದೂರು ಹುಟ್ಟಿತು. ನಾಲ್ಕು ದಿನದ ಮೇಲೆ ರಾತ್ರಿ ಮನೆಗೆ ನುಗ್ಗಿ ಎತ್ತಿಕೊಂಡು ಹೋದರು. ಹೆಣ ತಲ್ಲಹಾಚಿ ನದಿಯಲ್ಲಿ ಸಿಕ್ಕಿತು. ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಟ್ಟುಬಿಟ್ಟಿತು, ಮರುವರ್ಷ ಪತ್ರಿಕೆಯೊಂದಕ್ಕೆ ಅವರೇ ಕೊಂದದ್ದನ್ನು ಒಪ್ಪಿಕೊಂಡರು. ಹುಡುಗನ ತಾಯಿ ಮಾತ್ರ ಒಂದು ಹಟ ಹಿಡಿದಳು. ನನ್ನ ಮಗನಿಗೆ ಏನು ಮಾಡಿದ್ದಾರೆ ಅಂತ ಲೋಕ ನೋಡಲಿ ಅಂತ ಶವಪೆಟ್ಟಿಗೆ ತೆರೆದೇ ಇಟ್ಟಳು. ಸ್ಟೇಟ್ ಸ್ಟ್ರೀಟಿನ ಚರ್ಚಿನ ಮುಂದೆ ದಿನಗಟ್ಟಲೆ ಸಾಲು ನಿಂತಿತು. ಆ ಸಾಲಿನಲ್ಲಿ ಅಜ್ಜಿಯ ಕೈ ಹಿಡಿದು ನಿಂತಿದ್ದ ಹನ್ನೆರಡು ವರ್ಷದ ಹುಡುಗಿ ಅಕ್ಕನ ಅಮ್ಮ.

ಇದನ್ನು ನಾನು ಓದಿದ್ದೆ. ಓದದವರು ಯಾರು. ಆದರೆ ಅಕ್ಕ ಹೇಳಿದಾಗ ಒಂದು ಸಣ್ಣ ಸಂಗತಿ ಹೊಳೆಯಿತು, ಅದನ್ನು ನಾನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಆ ಮನೆಯಲ್ಲಿ ಈ ಕಥೆ ಕೊಲೆಯ ಕಥೆಯಾಗಿ ಉಳಿಯಲಿಲ್ಲ, ಅಂಗಡಿಯ ಕಥೆಯಾಗಿ ಉಳಿಯಿತು. ಅಂಗಡಿಯಲ್ಲಿ ಹೇಗಿರಬೇಕು. ಕೈ ಜೇಬಿಗೆ ಹಾಕಬೇಡ. ಕೊಳ್ಳದ್ದನ್ನು ಮುಟ್ಟಬೇಡ. ಕಣ್ಣಿಗೆ ಕಣ್ಣು ಕೊಡಬೇಡ, ನೆಲವನ್ನೂ ನೋಡಬೇಡ. ರಸೀದಿ ಇಲ್ಲದೆ ಚೂಯಿಂಗ್ ಗಮ್ಮನ್ನೂ ತರಬೇಡ. ಅಕ್ಕ ಇದನ್ನೆಲ್ಲ ತನ್ನ ಮಗನಿಗೆ ಹೇಳಿಕೊಟ್ಟಿದ್ದಾಳೆ. ಹುಡುಗ ಆರಡಿ ಎತ್ತರ ಬೆಳೆದ ವರ್ಷ ಆಕೆಗೆ ರಕ್ತದೊತ್ತಡದ ಮಾತ್ರೆ ಶುರುವಾಯಿತು. ಮಗ ಬೆಳೆದ ಅಂತ ತಾಯಿಯ ಬಿಪಿ ಏರುವುದು ಯಾವ ದೇಶದ ನ್ಯಾಯವೋ. ಆಕೆಯ ಮನೆಯ ಅಟ್ಟದಲ್ಲಿ ಷೂ ಡಬ್ಬಗಳ ತುಂಬ ರಸೀದಿಗಳಿವೆ. 1994ರ ಟೋಸ್ಟರಿನದೂ ಇದೆ, ಟೋಸ್ಟರ್ ಇಲ್ಲ. ನಗಬೇಡಿ, ನಮ್ಮಪ್ಪನ ಟ್ರಂಕಿನಲ್ಲಿ ಹೈಸ್ಕೂಲಿನ ಫೀಸು ಕಟ್ಟಿದ ಚೀಟಿ, ನಾಲ್ಕು ತಾಲ್ಲೂಕು ಕಚೇರಿಗಳ ಜಾತಿ ಸರ್ಟಿಫಿಕೇಟು, ರದ್ದಾದ ಪಾಸ್‌ಬುಕ್ಕು ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಇವೆ. "ನೀನು ಇಲ್ಲಿ ಯಾಕಿದ್ದೀಯ" ಅಂತ ಯಾರಾದರೂ ಯಾವಾಗ ಬೇಕಾದರೂ ಕೇಳಬಹುದು ಅಂತ ಬದುಕಿದವರ ಮನೆಯಲ್ಲಿ ಕಾಗದ ಎಸೆಯುವುದಿಲ್ಲ.

2015ರ ನವೆಂಬರ್ 24ರ ಸಂಜೆ ಷಿಕಾಗೋ ಆಡಳಿತ ಒಂದು ವಿಡಿಯೊ ಬಿಡುಗಡೆ ಮಾಡಿತು. ಹಿಂದಿನ ವರ್ಷ ಲಕ್ವಾನ್ ಮ್ಯಾಕ್‌ಡೊನಾಲ್ಡ್ ಎಂಬ 17ರ ಹುಡುಗನಿಗೆ ಪೊಲೀಸನೊಬ್ಬ 16 ಗುಂಡು ಹೊಡೆದದ್ದು ಪೊಲೀಸ್ ಕಾರಿನ ಕ್ಯಾಮರಾದಲ್ಲಿ ಸೆರೆಯಾಗಿತ್ತು. ಹುಡುಗ ದೂರ ಸರಿದು ನಡೆಯುತ್ತಿದ್ದಾನೆ. ಬಿದ್ದ ಮೇಲೂ ಗುಂಡು ಹಾರುತ್ತಿವೆ. ಮರುದಿನ ಬುಧವಾರ, ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ದಿನ. ನಾನು ಬಾಣಂತನದ ರಜೆ ಮುಗಿಸಿ ಕೆಲಸಕ್ಕೆ ಮರಳಿ ಕೆಲವು ತಿಂಗಳಾಗಿತ್ತು. ಲ್ಯಾಬಿನ ಮೇಜಿನ ಮೇಲೆ ಯಾರೋ ಕುಂಬಳಕಾಯಿ ಪೈ ತಂದಿಟ್ಟಿದ್ದರು. ಎಲ್ಲರೂ ಹಬ್ಬದ ಮಾತು, ವಿಮಾನದ ಟಿಕೆಟ್ಟಿನ ಮಾತು. ಅಕ್ಕ ಎಂದಿನ ಹಾಗೆ ಬೆಳಿಗ್ಗೆ ಐದಕ್ಕೇ ಬಂದು ವಾರ್ಡುಗಳನ್ನು ಸುತ್ತಿ ಟ್ಯೂಬುಗಳನ್ನು ತಂದು ಜೋಡಿಸುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತೆ, ಏನು ಹೇಳಬೇಕೋ ತೋಚಲಿಲ್ಲ. ಆಕೆ ತಲೆ ಎತ್ತದೆ ಟ್ಯೂಬುಗಳನ್ನು ಎಣಿಸುತ್ತಿದ್ದಳು. ಹದಿನಾಲ್ಕು, ಹದಿನೈದು, ಹದಿನಾರು. ಅಲ್ಲಿಗೆ ನಿಲ್ಲಿಸಿ ಮತ್ತೆ ಒಂದರಿಂದ ಶುರು ಮಾಡಿದಳು. ಟ್ರೇನಲ್ಲಿ ನಲವತ್ತಾದರೂ ಇದ್ದವು. ಅದಕ್ಕಿಂತ ಮುಂದೆ ಎಣಿಕೆ ಹೋಗಲಿಲ್ಲ. ಕೊನೆಗೆ ನಾನೇ ಟ್ರೇ ತೆಗೆದುಕೊಂಡೆ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಕೈ ನಡುಗದ ಹೆಂಗಸು ಅಂದು ಇಬ್ಬರು ರೋಗಿಗಳಿಗೆ ಎರಡೆರಡು ಸಲ ಚುಚ್ಚಬೇಕಾಯಿತಂತೆ.

2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ನಿರಾಯುಧ ಕಪ್ಪು ವ್ಯಕ್ತಿಯೊಬ್ಬ ಪೊಲೀಸರ ಕೈಯಲ್ಲಿ ಸತ್ತರೆ ಅದೇ ರಾಜ್ಯದ ಇತರ ಕಪ್ಪು ಜನರ ಮನಸ್ಸಿನ ಆರೋಗ್ಯ ಮುಂದಿನ ಕೆಲವು ತಿಂಗಳು ಹದಗೆಡುತ್ತದೆ, ಬಿಳಿಯರಲ್ಲಿ ಅಂಥ ಬದಲಾವಣೆ ಕಾಣುವುದಿಲ್ಲ ಅಂತ ಲೆಕ್ಕ ಹಾಕಿ ತೋರಿಸಿತು. ಓದಿದಾಗ ನನಗೆ ಆ ಟ್ರೇ ನೆನಪಾಯಿತು, ಪಕ್ಕದಲ್ಲೇ ಪೈ ಕತ್ತರಿಸುತ್ತಿದ್ದ ಚಾಕುವಿನ ಸದ್ದೂ.

ಅನುಮಾನದ ಕಾಯಿಲೆ

ಅದಾದ ಮೇಲೆ ಅಕ್ಕನಿಗೆ ನಿದ್ದೆ ಹೋಯಿತು. ಮಗ ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಎದೆ ಹಿಡಿದುಕೊಳ್ಳುತ್ತಿತ್ತು. ನಮ್ಮ ಮೇಲ್ವಿಚಾರಕಿ ಒತ್ತಾಯ ಮಾಡಿ ಕೌನ್ಸೆಲಿಂಗಿಗೆ ಕಳಿಸಿದಳು. ಮೂರನೆಯ ಭೇಟಿಯ ಮೇಲೆ ಅಕ್ಕ ಹೋಗುವುದನ್ನು ನಿಲ್ಲಿಸಿದಳು. ಆಕೆ ಅಂಗಡಿಯ ಗಾರ್ಡುಗಳ ವಿಷಯ ಹೇಳಿದ್ದಳಂತೆ. ಎದುರಿಗಿದ್ದ ಬಿಳಿ ಹುಡುಗಿ, ಒಳ್ಳೆಯವಳೇ ಪಾಪ, ಪೆನ್ನು ಕೆಳಗಿಟ್ಟು, "ಆ ಗಾರ್ಡ್ ನಿಮ್ಮನ್ನೇ ನೋಡುತ್ತಿದ್ದ ಅಂತ ಹೇಗೆ ಹೇಳ್ತೀರಿ? ಸುಮ್ಮನೆ ಆ ಕಡೆ ತಿರುಗಿ ನಿಂತಿರಬಹುದಲ್ಲ?" ಅಂತ ಕೇಳಿದಳಂತೆ.

"ಇರಬಹುದು," ಅಂದಳು ಅಕ್ಕ ನನ್ನ ಹತ್ತಿರ. "ಅದನ್ನು ನಾನು ಮೂವತ್ತು ವರ್ಷದಿಂದ ದಿನಾ ಯೋಚಿಸ್ತಿದ್ದೀನಿ. ಅದಕ್ಕೇ ಸುಸ್ತಾಗಿದ್ದೀನಿ ಅಂತ ಹೇಳೋಕೆ ಅಲ್ಲಿಗೆ ಹೋಗಿದ್ದು."

ಬೈಸಿಕೊಂಡರೆ ಒಂದು ಏಟಿಗೆ ಮುಗಿಯಿತು. ಬೈದರೋ ಇಲ್ಲವೋ, ಆ ನಗು ನನ್ನ ಮೇಲೋ ಅಲ್ಲವೋ, ಪೇಪರ್ ಕಪ್ಪು ಬೇಕೆಂದೇ ಬಂತೋ ಲೋಟ ಸಾಲದೆ ಬಂತೋ. ಈ ಲೆಕ್ಕ ಮುಗಿಯುವುದೇ ಇಲ್ಲ. ಹಗಲೆಲ್ಲ ಹಿಂದುಗಡೆ ಒಂದು ಮೋಟರ್ ಓಡುತ್ತಲೇ ಇರುತ್ತದೆ, ಕರೆಂಟು ಅದಕ್ಕೇ ಹೋಗುತ್ತದೆ. 1992ರಲ್ಲಿ ಅರ್ಲಿನ್ ಜೆರೊನಿಮಸ್ ಎಂಬ ಸಂಶೋಧಕಿ ಇದಕ್ಕೆ ಗಾಳಿಮಳೆಗೆ ಬಂಡೆ ಸವೆಯುವುದರ ಹೆಸರಿಟ್ಟಳು. ಬಿಳಿಯ ಹೆಂಗಸರಲ್ಲಿ ಹದಿಹರೆಯದಲ್ಲಿ ಹೆರುವುದಕ್ಕಿಂತ ಇಪ್ಪತ್ತು ದಾಟಿ ಹೆರುವುದು ಕೂಸಿಗೆ ಒಳ್ಳೆಯದು. ಕಪ್ಪು ಹೆಂಗಸರಲ್ಲಿ ಆ ಲೆಕ್ಕ ತಿರುವುಮುರುವಾಗಿತ್ತು. ಇಪ್ಪತ್ತೈದರ ಹೊತ್ತಿಗೇ ಮೈ ಹಣ್ಣಾಗಿರುತ್ತದೆ ಅಂತ ಆಕೆಯ ವಾದ. ಇವತ್ತಿಗೂ ಈ ದೇಶದಲ್ಲಿ ಹೆರಿಗೆಯ ಸುತ್ತಮುತ್ತ ಸಾಯುವ ಕಪ್ಪು ತಾಯಂದಿರ ಪ್ರಮಾಣ ಬಿಳಿ ತಾಯಂದಿರ ಮೂರು ಪಟ್ಟಿನ ಆಸುಪಾಸು, ಡಿಗ್ರಿ ಮಾಡಿದ್ದರೂ ಅದು ಕಾಪಾಡುವುದಿಲ್ಲ. ಅಕ್ಕನ ಮಗಳು ವಕೀಲೆ. ಅವಳ ಹೆರಿಗೆಯಲ್ಲಿ ಅಕ್ಕ ಮಂಚದ ಪಕ್ಕ ನೋಟ್‌ಬುಕ್ ಹಿಡಿದು ಕೂತು, ಮಗಳು ತಲೆನೋವು ಅಂದದ್ದು ಎಷ್ಟು ಗಂಟೆಗೆ, ನರ್ಸು ಬಂದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳುತ್ತಿದ್ದಳಂತೆ. ಅದೂ ಒಂದು ಬಗೆಯ ರಸೀದಿಯೇ.

ಇನ್ನು ಹೆಸರಿಡುವವರ ಮಾತು. ಹೆಸರಿಡುವ ಹಕ್ಕು ಯಾರ ಕೈಯಲ್ಲಿರುತ್ತದೋ ರೋಗ ಅವರ ಕಡೆ ಇರುವುದಿಲ್ಲ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಲೂಸಿಯಾನದ ವೈದ್ಯ, ಗುಲಾಮರು ಧಣಿಯ ಮನೆ ಬಿಟ್ಟು ಓಡಿಹೋಗುವುದು ಒಂದು ಮಾನಸಿಕ ಕಾಯಿಲೆ ಅಂತ ಬರೆದು 'ಡ್ರಾಪೆಟೊಮೇನಿಯ' ಅಂತ ನಾಮಕರಣ ಮಾಡಿದ. ಚಿಕಿತ್ಸೆಯಲ್ಲಿ ಚಾಟಿಯೂ ಇತ್ತು. ಅದು ಹಳೆಯ ಕಥೆ ಅನ್ನುವವರಿಗೆ 1974ರ ಒಂದು ಮನೋವೈದ್ಯ ಪತ್ರಿಕೆಯ ಜಾಹೀರಾತು ಇದೆ. ಮುಷ್ಟಿ ಬಿಗಿದ ಕಪ್ಪು ಗಂಡಸಿನ ಚಿತ್ರ, ಹಿಂದೆ ನಗರ, ಕೆಳಗೆ ಹ್ಯಾಲ್ಡಾಲ್ ಎಂಬ ಔಷಧಿಯ ಹೆಸರು. ನಾಗರಿಕ ಹಕ್ಕುಗಳ ಹೋರಾಟ ಕಾವೇರಿದ ದಶಕದಲ್ಲೇ ಸ್ಕಿಜೋಫ್ರೀನಿಯಾದ ಹಣೆಪಟ್ಟಿ ಸಿಟ್ಟಿಗೆದ್ದ ಕಪ್ಪು ಗಂಡಸರ ಕಡೆ ವಾಲಿತು. ಇಂದಿಗೂ ಅವರಿಗೆ ಆ ಕಾಯಿಲೆಯ ಹೆಸರು ಬರೆಯುವುದು ಬಿಳಿಯರಿಗಿಂತ ಎರಡು ಪಟ್ಟಿಗೂ ಹೆಚ್ಚು. 2021ರ ಜನವರಿಯಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಇತಿಹಾಸಕ್ಕಾಗಿ ಕ್ಷಮೆ ಕೇಳಿತು. ಒಳ್ಳೆಯದೇ. ಇಂಥ ಬರಹಗಳಲ್ಲಿ ಟಸ್ಕೆಗಿಯ ಹೆಸರು ಬಂದೇ ಬರಬೇಕು, 1932ರಿಂದ 1972ರವರೆಗೆ ಕಪ್ಪು ಗಂಡಸರ ಸಿಫಿಲಿಸ್‌ಗೆ ಔಷಧಿ ಕೊಡದೆ ಸರ್ಕಾರ ನೋಡುತ್ತ ಕೂತದ್ದು. ಆದರೆ ಅಕ್ಕನ ಬಾಯಲ್ಲಿ ನಾನು ಆ ಹೆಸರನ್ನೇ ಕೇಳಿಲ್ಲ. ಆಕೆ ಹೇಳುವುದೆಲ್ಲ ಹೋದ ವಾರದ್ದು, ಮೊನ್ನೆಯದು.

ಮೊನ್ನೆಯದರಲ್ಲಿ ನನ್ನ ಕೈಯೂ ಇದೆ. ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂಬ ಅಂದಾಜನ್ನು ನಾವು ವರದಿಯಲ್ಲಿ ಎರಡು ಸಾಲಾಗಿ ಅಚ್ಚು ಹಾಕುತ್ತಿದ್ದೆವು. ಒಂದು ಎಲ್ಲರಿಗೆ, ಇನ್ನೊಂದು 'ಆಫ್ರಿಕನ್ ಅಮೆರಿಕನ್ ಆಗಿದ್ದರೆ'. ಎರಡನೆಯದು ನೂರಕ್ಕೆ ಹದಿನಾರರಷ್ಟು ಹೆಚ್ಚು. ಕಪ್ಪು ಜನರ ಮೈಯಲ್ಲಿ ಸ್ನಾಯು ಜಾಸ್ತಿ ಎಂಬ ಊಹೆ ಅದರ ಹಿಂದೆ. ಕಿಡ್ನಿ ಕಸಿಯ ಸರದಿ ಪಟ್ಟಿಗೆ ಸೇರಲು ಈ ಅಂಕ 20ಕ್ಕೆ ಇಳಿಯಬೇಕು. ಬೇರೆಯವನಿಗೆ 18 ಬಂದರೆ ಪಟ್ಟಿಗೆ ಸೇರಿದ, ಅದೇ ರಕ್ತದ ಕಪ್ಪು ಮನುಷ್ಯನಿಗೆ 21 ಬಂದು ಹೊರಗುಳಿದ. ಸಾವಿರಾರು ವರದಿಗಳನ್ನು ನಾನೇ ಗುಂಡಿ ಒತ್ತಿ ಕಳಿಸಿದ್ದೇನೆ, ಒಮ್ಮೆಯೂ ಯೋಚಿಸಲಿಲ್ಲ. 2021ರಲ್ಲಿ ಆ ಲೆಕ್ಕ ತಪ್ಪೆಂದು ತೆಗೆದರು. 2023ರಲ್ಲಿ ಕಾಯುತ್ತಿದ್ದ ಕಪ್ಪು ರೋಗಿಗಳಿಗೆ ಕಳೆದುಹೋದ ಕಾಲವನ್ನು ಸರದಿಗೆ ಸೇರಿಸಿಕೊಡುವ ನಿಯಮ ಜಾರಿಗೆ ಬಂತು. ಅಕ್ಕನ ತಮ್ಮನಿಗೆ ಹದಿನಾಲ್ಕು ತಿಂಗಳು ಸೇರಿತು. ಅವನ ಹಳೆಯ ಕೇಸ್ ಷೀಟಿನಲ್ಲಿ ವೈದ್ಯರೊಬ್ಬರು 'ರೋಗಿ ಅನುಮಾನ ಸ್ವಭಾವದವನು, ವರದಿಗಳನ್ನು ನಂಬುವುದಿಲ್ಲ' ಅಂತ ಬರೆದಿದ್ದರು. ಆ ಸಾಲನ್ನು ಯಾರೂ ತೆಗೆದಿಲ್ಲ, ಹಾಗೇ ಇದೆ.

ನಮ್ಮೋರು

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಬೇಗ ಮುಗಿಸುತ್ತೇನೆ. ನಾವು ಬಂದ ಹೊಸತರಲ್ಲಿ ಮನೆ ಹುಡುಕುತ್ತಿದ್ದಾಗ ಕನ್ನಡದ ಹಿರಿಯರೊಬ್ಬರು ಆಸ್ಥೆಯಿಂದ ನಕ್ಷೆ ಹರಡಿ ಬುದ್ಧಿ ಹೇಳಿದರು. "ಈ ಕಡೆ ತಲೆ ಹಾಕ್ಬೇಡಿ, ಎಲ್ಲಾ ಕರಿಯರು. ಇಲ್ಲಿ ನೋಡಿ, ಇಲ್ಲೆಲ್ಲ ನಮ್ಮೋರೇ ಇದ್ದಾರೆ." ನಮ್ಮೋರು. ಆ ಮಾತಿನೊಳಗೆ ಒಬ್ಬ ಕನ್ನಡಿಗ, ಅದೂ ಅಂಥ ಮನೆತನದವರು, ನನ್ನನ್ನು ಸೇರಿಸಿದ್ದು ಅದೇ ಮೊದಲು. ಒಳಗೆ ಏನೋ ಬೆಚ್ಚಗಾಯಿತು. ಯಾರನ್ನು ಹೊರಗಿಟ್ಟು ನನ್ನನ್ನು ಒಳಗೆ ಕರೆದರು ಅಂತ ಕೇಳಬೇಕು ಅನ್ನಿಸಲಿಲ್ಲ. ಹೂಂಗುಟ್ಟಿದೆ. ಅವರು ತೋರಿಸಿದ ಕಡೆಯೇ ಮನೆ ಹಿಡಿದೆವು.

ಬೆಚ್ಚಗಿದ್ದದ್ದು ಆರು ತಿಂಗಳು. ಆಮೇಲೆ ಪ್ರಶ್ನೆಗಳು ಶುರುವಾದವು. ನಿಮ್ದು ಯಾವ ಕಡೆ? ಮನೆದೇವ್ರು ಯಾವುದು? ಮನೇಲಿ ನಾನ್‌ವೆಜ್ ಮಾಡ್ತೀರಾ? ಇನಿಷಿಯಲ್ ಬಿಡಿಸಿ ಹೇಳಿ. ಅಕ್ಕನನ್ನು ಅಂಗಡಿಯ ಬಾಗಿಲಲ್ಲೇ ಗುರುತು ಹಿಡಿಯುತ್ತಾರೆ, ಅವಳು ಮುಚ್ಚಿಡುವಂತಿಲ್ಲ. ನಾನು ಮುಚ್ಚಿಡಬಹುದು. ಬಣ್ಣಕ್ಕೂ ಜಾತಿಗೂ ಇರುವ ದೊಡ್ಡ ವ್ಯತ್ಯಾಸ ಅದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ಜೊತೆ ನನಗೆ ಜಗಳವಿದೆ. ಮುಚ್ಚಿಡುವುದು ಸುಖವಾದ ಕೆಲಸ ಅಂತಲ್ಲ. ಮದುವೆ ಆಲ್ಬಮ್ ತೋರಿಸುವಾಗ ಯಾವ ಪುಟ ಬೇಗ ತಿರುಗಿಸಬೇಕು, ಅಂಬೇಡ್ಕರ್ ಫೋಟೊ ಯಾವ ಕೋಣೆಯಲ್ಲಿ ತೂಗಬೇಕು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ, "ಇಲ್ಲಿ ಯಾರು ಜಾತಿ ನೋಡ್ತಾರೆ?" ಅಂತ ನೂರು ಮೆಸೇಜು ಬಂದವು. ನಾನೂ ಒಂದು ಹೆಬ್ಬೆರಳು ಒತ್ತಿದೆ.

ಅಪ್ಪ ಬಂದಾಗ

2016ರ ಬೇಸಿಗೆಯಲ್ಲಿ ಅಪ್ಪ ಮೊಮ್ಮಗಳನ್ನು ನೋಡಲು ಬಂದ. ಜುಲೈನ ಒಂದು ಭಾನುವಾರ ಅಕ್ಕ, ಚರ್ಚು ಮುಗಿಸಿ, ಸಿಹಿಗೆಣಸಿನ ಪೈ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಬಾಗಿಲು ತೆಗೆದ ಕೂಡಲೇ, ಇನ್ನೂ ಟೋಪಿಯನ್ನೂ ತೆಗೆಯದೆ, "ಬೇಬಿ, ಮೊದಲು ನೀರು ಕೊಡು, ಸತ್ತೇ ಹೋಗ್ತೀನಿ" ಅಂದಳು.

ಸೋಫಾದಲ್ಲಿ ಕೂತಿದ್ದ ಅಪ್ಪ ಎದ್ದು ನಿಂತ. ನಾನು ಅಡುಗೆಮನೆ ಕಡೆ ಹೊರಟವಳನ್ನು ಕೈಯಲ್ಲೇ ತಡೆದು ತಾನೇ ಹೋದ. ಸ್ಟೀಲ್ ಲೋಟ ಹುಡುಕಿ, ತೊಳೆದು, ಅಂಚಿನವರೆಗೆ ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟ. ಅಕ್ಕ ಒಂದೇ ಗುಕ್ಕಿಗೆ ಕುಡಿದು, ಲೋಟ ಅವನ ಕೈಗೇ ವಾಪಸು ಕೊಟ್ಟು, "ಇನ್ನೊಂದು" ಅಂದಳು. ಅಪ್ಪ ಇನ್ನೊಂದು ತಂದ. ಹಾಗೆ ಯಾರೋ ತನ್ನ ಮನೆಬಾಗಿಲಲ್ಲಿ ನಿಂತು ನೀರು ಕೇಳಿ ಕುಡಿದದ್ದನ್ನು ಅವನು ಎಷ್ಟು ಸಲ ನೋಡಿದ್ದನೋ.

ಊಟಕ್ಕೆ ಮುದ್ದೆ, ಬಸ್ಸಾರು, ಕೋಳಿ. ಮುದ್ದೆ ನುಂಗುವುದನ್ನು ಅಪ್ಪ ತೋರಿಸಿಕೊಟ್ಟ, ಅಕ್ಕ ಅಗಿದೇ ತಿಂದಳು. ಮಿಸಿಸಿಪಿಯಲ್ಲಿ ತನ್ನ ಅಜ್ಜಿ ಜೋಳದ ಹಿಟ್ಟಿನಲ್ಲಿ ಹೀಗೇ ಏನೋ ಮಾಡುತ್ತಿದ್ದಳು ಅಂದಳು. ಅಲ್ಲಿಂದ ಮಾತು ಹೊಲಕ್ಕೆ, ಧಣಿಗಳಿಗೆ ಹೋಯಿತು. ಅಪ್ಪ ಇಂಗ್ಲಿಷಿನಲ್ಲಿ, ಪಾಠ ಮಾಡುವ ಹಾಗೆ ನಿಧಾನಕ್ಕೆ, ವಾಕ್ಯ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದ. ಧಣಿಗಳನ್ನು ನಾವು 'ಬುದ್ಧಿ' ಅಂತ ಕರೆಯಬೇಕಿತ್ತು ಅಂದ. ಅಕ್ಕ ಅರ್ಥ ಕೇಳಿದಳು. ಹೇಳಿದಾಗ ತಟ್ಟೆ ಸರಿಸಿ ನಗಲು ಶುರು ಮಾಡಿದಳು. "ನೀವು ಅವರನ್ನು ಜಾಣತನವೇ, ಬಾ ಜಾಣತನವೇ ಅಂತ ಕರೀತಿದ್ರಾ?" ಅಪ್ಪನೂ ನಕ್ಕ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತನ್ನ ಅಜ್ಜಿ ಆರು ವರ್ಷದ ಬಿಳಿ ಹುಡುಗನನ್ನು 'ಮಿಸ್ಟರ್' ಅನ್ನಬೇಕಿತ್ತು ಅಂದಳು ಅಕ್ಕ.

ಆಮೇಲೆ ಅಪ್ಪ ಮೈಸೂರಿನ ಕಥೆ ಹೇಳಿದ. 1973ರ ನವೆಂಬರ್. ಅವನು ಆಗ ಪಿಯುಸಿ, ಹಾಸ್ಟೆಲಿನ ಹುಡುಗ. ದಲಿತ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದೂ ಆಮೇಲೆ ಗಲಭೆಯೆದ್ದು ದಲಿತ ಹುಡುಗರ ಮೇಲೆ ದಾಳಿಯಾದದ್ದೂ ನಿಮಗೆ ಗೊತ್ತಿರುವುದೇ. ನನಗೂ ಅದು ಗೊತ್ತಿತ್ತು, ಪುಸ್ತಕದಿಂದ. ಅಪ್ಪ ಅದರೊಳಗೆ ಇದ್ದ ಅಂತ ಗೊತ್ತಿರಲಿಲ್ಲ. ಕಲ್ಲು ಬಿದ್ದ ರಾತ್ರಿ ಅವನೂ ಅವನ ರೂಮಿನ ಹುಡುಗನೂ ಹಿಂದಿನ ಗೋಡೆ ಹಾರಿ, ರೈಲು ಹಳಿಯ ಮೇಲೆ ಶ್ರೀರಂಗಪಟ್ಟಣದ ಕಡೆಗೆ ನಡೆದರಂತೆ. ಚಪ್ಪಲಿ ಇಲ್ಲ, ಜಲ್ಲಿಕಲ್ಲು. ನಡುವೆ ಒಂದು ಮನೆಯ ಮುಂದೆ ಆ ಹುಡುಗ ಬಾಯಾರಿಕೆ ತಾಳದೆ ನೀರು ಕೇಳಿದ. ಒಳಗಿನಿಂದ "ಯಾರಪ್ಪಾ ನೀವು, ಯಾವ ಹಾಸ್ಟ್ಲು?" ಅಂತ ದನಿ ಬಂತು. ಹುಡುಗ ಹಾಸ್ಟೆಲಿನ ಹೆಸರು ಹೇಳಿದ. ಅದಾದ ಮೇಲೆ ಏನಾಯಿತು ಅಂತ ಅಪ್ಪ ಹೇಳಲಿಲ್ಲ. ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿ, ಆ ಹುಡುಗ ಮತ್ತೆ ಓದಲು ಬರಲಿಲ್ಲ ಅಂದ. ಅಕ್ಕನೂ ಕೇಳಲಿಲ್ಲ. ಇಬ್ಬರಿಗೂ ಅದು ಕೇಳಬೇಕಾದ ವಿಷಯವೇ ಆಗಿರಲಿಲ್ಲ.

ಮಾತು ತಿರುಗಿಸಿದವಳು ಅಕ್ಕನೇ. ತನಗೆ ಏಳು ವರ್ಷ ಇದ್ದಾಗ, 1969ರಲ್ಲಿ, ಷಿಕಾಗೋದಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್‌ಗಳು ಶಾಲೆಗೆ ಮುಂಚೆ ಮಕ್ಕಳಿಗೆ ಪುಕ್ಕಟೆ ತಿಂಡಿ ಕೊಡುತ್ತಿದ್ದರು, ಅವರ ಮೊಟ್ಟೆ ತಿಂದು ಬೆಳೆದವಳು ನಾನು ಅಂದಳು. ಅಪ್ಪನ ಮುಖ ಅರಳಿತು. ನಮ್ಮಲ್ಲೂ ದಲಿತ ಪ್ಯಾಂಥರ್‌ಗಳಿದ್ದರು, 1972ರಲ್ಲಿ ಬೊಂಬಾಯಿಯ ಹುಡುಗರು ನಿಮ್ಮನ್ನೇ ನೋಡಿ ಹೆಸರಿಟ್ಟುಕೊಂಡರು ಅಂದ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಹಿರಿಯ ಚಿಂತಕ ಡುಬೊಯ್ಸ್‌ಗೆ ಕಾಗದ ಬರೆದು, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕಳಿಸಿ ಅಂತ ಕೇಳಿದ್ದನ್ನೂ, ಅವರು ಉತ್ತರ ಬರೆದದ್ದನ್ನೂ ತರಗತಿಯಲ್ಲಿ ಪ್ರಮೇಯ ಬಿಡಿಸುವ ಹುಮ್ಮಸ್ಸಿನಲ್ಲಿ ವಿವರಿಸಿದ. ನಾನು ಸಿಂಕಿನ ಮುಂದೆ ನಲ್ಲಿ ತಿರುಗಿಸಿಕೊಂಡು ನಿಂತಿದ್ದೆ. ತೊಳೆಯಲು ಪಾತ್ರೆ ಉಳಿದಿರಲಿಲ್ಲ.

ರಾತ್ರಿ ಸಿಟ್ಟು ಬಂತು. ಮೂವತ್ತು ವರ್ಷ ನನಗೆ ಹೇಳದ್ದನ್ನು ಒಂದು ಮಧ್ಯಾಹ್ನದ ಪರಿಚಯದ ಹೆಂಗಸಿಗೆ ಹೇಳಿದೆಯಲ್ಲಪ್ಪ ಅಂದೆ.

"ನಿಂಗ್ ಹೇಳಿದ್ರೆ ನೀನು ಆ ಹುಡ್ಗನ ಬಗ್ಗೆ ಕೇಳ್ತಿದ್ದೆ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆವಮ್ಮ ಕೇಳ್ನಿಲ್ಲ, ನೋಡು" ಅಂದ. ಕನ್ನಡದಲ್ಲಿ ಆ ವಿಷಯಕ್ಕೆ ಅವನಾಡಿದ್ದು ಅಷ್ಟೇ. ಇಂಗ್ಲಿಷಿನಲ್ಲಿ ಹೇಳಬಹುದಾಗಿತ್ತೇನೋ, ಆ ಭಾಷೆಯಲ್ಲಿ ಅವನನ್ನು ಯಾರೂ ಯಾವ ಹಾಸ್ಟ್ಲು ಅಂತ ಕೇಳಿರಲಿಲ್ಲ.

ಹೇಳುವುದು, ಬಿಡುವುದು

ಈಗೀಗ ತಲೆಮಾರಿನ ಗಾಯ ಅಂದರೆ ಜೀನ್‌ಗಳ ಮಾತು ಬರುತ್ತದೆ. ನಾಜಿ ಶಿಬಿರಗಳಿಂದ ಉಳಿದು ಬಂದವರ, ಅವರ ಮಕ್ಕಳ ರಕ್ತದಲ್ಲಿ ಕೆಲವು ಗುರುತುಗಳು ಸಿಕ್ಕವು ಅಂತ 2015ರ ಸುಮಾರಿಗೆ ದೊಡ್ಡ ಸುದ್ದಿಯಾಯಿತು. ಪರೀಕ್ಷೆಗೆ ಸಿಕ್ಕವರು ಬೆರಳೆಣಿಕೆಯ ಕುಟುಂಬಗಳು, ವಾದ ಇನ್ನೂ ಮುಗಿದಿಲ್ಲ. ರಕ್ತ ಪರೀಕ್ಷೆ ಮಾಡಿಯೇ ಅನ್ನ ತಿನ್ನುವ ನನಗೆ ಇದರಲ್ಲಿ ಕುತೂಹಲ ಇರಬೇಕಿತ್ತು. ಇಲ್ಲ. ಯುಗಾದಿ ದಿನ ನನ್ನ ಮಗಳ ಬಾಯಿಗೆ ಆ ವಾಕ್ಯ ಬರಲು ಯಾವ ಜೀನೂ ಬೇಕಿರಲಿಲ್ಲ. ಒಂಬತ್ತು ವರ್ಷ ನನ್ನ ಪಕ್ಕ ನಿಂತು ಕೇಳಿಸಿಕೊಂಡದ್ದು ಸಾಕಾಗಿತ್ತು. ಅಕ್ಕನ ಮಗ ರಸೀದಿ ಹಿಡಿಯುವುದನ್ನು ಕಲಿತದ್ದೂ ಹಾಗೇ. ಗಾಯ ರಕ್ತದಲ್ಲಿದೆ ಅಂದುಬಿಟ್ಟರೆ ಬಾಗಿಲಲ್ಲಿ ನಿಂತ ಗಾರ್ಡು ಬಚಾವಾಗುತ್ತಾನೆ ಅನ್ನುವುದೂ ನನ್ನ ಒಂದು ಅನುಮಾನ.

ಹಾಗಾದರೆ ಮಗಳಿಗೆ ಹೇಳಬೇಕೆ? ಹೇಳಿದ ಮನೆ ಹೇಗಿತ್ತು ಅಂತ ತಿಳಿಯಲು ಅಕ್ಕನಿಗೆ ಫೋನ್ ಮಾಡಿದೆ. ಈಗ ಆಕೆ ನಿವೃತ್ತಳು. ಅವಳ ಅಮ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ. ಪ್ರತಿ ವರ್ಷ ಆಗಸ್ಟ್ 28ಕ್ಕೆ ಮಕ್ಕಳನ್ನು ಕೂರಿಸಿ ಪೆಟ್ಟಿಗೆಯಲ್ಲಿ ಕಂಡ ಮುಖವನ್ನು ಹೇಳುತ್ತಿದ್ದಳು. ಅದರ ಫೋಟೊ ಅಚ್ಚಾಗಿದ್ದ 'ಜೆಟ್' ಪತ್ರಿಕೆಯನ್ನು ಬೈಬಲ್ಲಿನ ಕೆಳಗೆ ಇಟ್ಟಿದ್ದಳು. ಅಕ್ಕ ಆರು ವರ್ಷಕ್ಕೇ ಅದನ್ನು ನೋಡಿದ್ದಳು. "ಹನ್ನೆರಡಾಗೋವರೆಗೂ ಷೂ ಹಾಕ್ಕೊಂಡೇ ಮಲಗ್ತಿದ್ದೆ," ಅಂದಳು. "ರಾತ್ರಿ ಯಾರಾದ್ರೂ ಬಂದ್ರೆ ಓಡೋಕೆ."

ನನ್ನನ್ನು ಅಪ್ಪ ಕತ್ತಲೆಯಲ್ಲಿಟ್ಟ, ಅವಳನ್ನು ಅವಳಮ್ಮ ದೀಪದ ಕೆಳಗೇ ಕೂರಿಸಿದಳು. ಇಬ್ಬರಿಗೂ ನಿದ್ದೆಗೆ ಮಾತ್ರೆ ಬೇಕಾಯಿತು.

"ಮತ್ತೆ ನಾನೇನು ಮಾಡಲಿ?"

"ನಂಗೇನು ಗೊತ್ತು ಬೇಬಿ," ಅಂದಳು. "ಮಗು ಏನು ಕೇಳ್ತಾಳೋ ಅಷ್ಟಕ್ಕೆ ಹೇಳು. ಷೂ ಹಾಕ್ಕೊಂಡು ಮಲಗ್ತಾಳಾ ನೋಡ್ಕೋ."

ಅಪ್ಪನಿಗೂ ಫೋನ್ ಮಾಡಿದೆ. ಮೊಮ್ಮಗಳು ಹೀಗಂದಳು ಅಂತ ಹೇಳಿದಾಗ ಮೊದಲು ನಕ್ಕ, ಆಮೇಲೆ ಸುಮ್ಮನಾದ. "ಅದು ನಂದಲ್ಲ ಕನವ್ವ," ಅಂದ. "ನಮ್ಮವ್ವಂದು. ಕುಯ್ಲಿಗೆ ಹೋದಾಗ ಅವ್ಳು ಹಂಗನ್ನೋಳು. ಕೈಯೊಡ್ಡಿ ಬಗ್ಗಿ ಕುಡೀಬೇಕಾಯ್ತಿತ್ತಲ್ಲ, ಮೇಲಿಂದ ಹುಯ್ಯೋರು. ಮಕ್ಕಳ ಮುಂದೆ ಬಗ್ಗಾಕೆ ಅವ್ಳಿಗೆ ಇಷ್ಟ ಇರ್ನಿಲ್ಲ."

ಅಜ್ಜಿಯ ಮುಖ ನನಗೆ ನೆನಪಿಲ್ಲ. ಒಂದೇ ಒಂದು ಫೋಟೊ ಇದೆ, ಪಡಿತರ ಚೀಟಿಯದು. ಆವತ್ತು ರಾತ್ರಿ ಮಗಳಿಗೆ ಅದನ್ನು ತೋರಿಸಿ ಈ ಕೊನೆಯ ಸಂಗತಿಯೊಂದನ್ನೇ ಹೇಳಿದೆ. ಮೈಸೂರು, ಹಳಿ, ಆ ಹುಡುಗ ಯಾವುದೂ ಇಲ್ಲ. ಅವಳು ಎರಡು ಕೈಗಳನ್ನು ಬೊಗಸೆ ಮಾಡಿ, ಬೆನ್ನು ಬಗ್ಗಿಸಿ ನೋಡಿದಳು. "ಹೀಗಾ?" ನಾನು ಹೂಂ ಅಂದೆ. "ನೀರೆಲ್ಲ ಸೋರಿ ಹೋಗತ್ತಲ್ಲ" ಅಂದಳು. ಆಮೇಲೆ, "ನೇಪರ್‌ವಿಲ್ ಆಂಟಿ ಹಾಗೆ ಮಾಡ್ತಾರಾ?" ಅಂತ ಕೇಳಿದಳು.

ಆಂಟಿ ಸ್ಟೀಲ್ ಲೋಟದಲ್ಲೇ ಕೊಟ್ಟಿದ್ದರು. ಎಲ್ಲರಿಗೂ ಕೊಟ್ಟ ಲೋಟವೇ. ನಾನು ಯಾರು ಅಂತ ಅವರಿಗೆ ಗೊತ್ತಿದ್ದರೆ ಅದೇ ಲೋಟ ಬರುತ್ತಿತ್ತೇ? ಬರುತ್ತಿತ್ತೇನೋ. ಮೋಟರ್ ಮತ್ತೆ ಓಡಲು ಶುರುವಾಯಿತು.

"ಗೊತ್ತಿಲ್ಲ" ಅಂದೆ ಮಗಳಿಗೆ.

ಮುಂದಿನ ತಿಂಗಳು ಅದೇ ಮನೆಯಲ್ಲಿ ಗೌರಿಹಬ್ಬದ ಅರಿಸಿನ ಕುಂಕುಮ. ವಾಟ್ಸಾಪಿನಲ್ಲಿ ಕರೆ ಬಂದಿದೆ, "ಮಗಳನ್ನೂ ತಪ್ಪದೆ ಕರ್ಕೊಂಡು ಬನ್ನಿ" ಅಂತ. ಎರಡು ದಿನವಾಯಿತು, ಓದಿದ್ದೇನೆ ಅಂತ ಅವರಿಗೆ ನೀಲಿ ಗುರುತು ಕಾಣುತ್ತಿರುತ್ತದೆ. ಉತ್ತರ ಇನ್ನೂ ಬರೆದಿಲ್ಲ.